ಹುಲಿಕೆರೆಯಿಂದ ಚಿತ್ರಶಾಲೆಗೆ

ಶಾಲೆಯ ಪ್ರವಾಸವೆಂದೊಡನೆ ಎಲ್ಲರ ಕಣ್ಣಮುಂದೆ ನಿಲ್ಲುವುದು ಒಂದೇ ಬಗೆಯ ದೃಶ್ಯ. ಬೆಳಗಿನ ಜಾವ ಹೊರಡುವ ಬಸ್ಸು, ಬುತ್ತಿಯ ಗಂಟುಗಳು, ಕಿಟಕಿಯ ಬದಿಯ ಜಾಗಕ್ಕಾಗಿ ಜಗಳ, ಒಂದೇ ಹಗಲಿನಲ್ಲಿ ಏಳೆಂಟು ಸ್ಥಳಗಳ ದರ್ಶನ, ರಾತ್ರಿ ನಿದ್ದೆಗಣ್ಣಿನಲ್ಲಿ ಮನೆ ಸೇರುವ ಮಕ್ಕಳು, ಮರುದಿನ ಅರ್ಧ ಬರಿದಾದ ತರಗತಿ. ಏನು ಕಂಡೆಯೆಂದು ಕೇಳಿದರೆ ಮಗುವಿನ ನಾಲಗೆಯ ಮೇಲೆ ಬರುವುದು ಐಸ್‌ಕ್ರೀಮಿನ ನೆನಪು ಮಾತ್ರ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ನೋಡಲು ಕರೆದೊಯ್ದವರು ನೋಡುವುದನ್ನು ಕಲಿಸಿ ಕರೆದೊಯ್ಯಲಿಲ್ಲ, ಅಷ್ಟೆ. ಪ್ರವಾಸದ ಕಥನಗಳು ಶಾಲೆಗಳ ಸಂಚಿಕೆಗಳಲ್ಲಿ ವರ್ಷವರ್ಷವೂ ಅಚ್ಚಾಗುತ್ತವೆ. ಪ್ರವಾಸದ ಸಿದ್ಧತೆಯ ಕಥನ ಅಪರೂಪ. ಇಲ್ಲಿ ಹೇಳಹೊರಟಿರುವುದು ಅಂತಹ ಒಂದು ಸಿದ್ಧತೆಯ ವೃತ್ತಾಂತ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ, ಹಳೇಬೀಡಿಗೆ ಸಮೀಪದಲ್ಲಿರುವ ಹುಲಿಕೆರೆ ಒಂದು ಚಿಕ್ಕ ಗ್ರಾಮ. ಅಲ್ಲಿ ಹೊಯ್ಸಳರ ಕಾಲದ ಕಲ್ಲಿನ ಕೊಳವೊಂದಿದೆ. ಮೆಟ್ಟಿಲು ಮೆಟ್ಟಿಲಾಗಿ ನೀರಿನತ್ತ ಇಳಿಯುವ ಆ ಕೊಳದ ಒಳಮೈಯಲ್ಲಿ, ಪುಟ್ಟ ಶಿಖರಗಳನ್ನು ಹೊತ್ತ ಚಿಕ್ಕ ಚಿಕ್ಕ ಗುಡಿಗಳು ಸಾಲುಗೊಂಡು ನಿಂತಿವೆ. ಹಳೇಬೀಡಿಗೆ ಬರುವ ಯಾತ್ರಿಕರಲ್ಲಿ ನೂರಕ್ಕೊಬ್ಬರು ಇತ್ತ ತಿರುಗಿದರೆ ಹೆಚ್ಚು. ಊರಿನ ಮಕ್ಕಳಿಗೆ ಅದು ಆಟದ ದಾರಿಯಲ್ಲಿ ಸಿಗುವ ಕೊಳ. ಮೇಕೆ ಕಾಯುವವರಿಗೆ ಕ್ಷಣಕಾಲ ಕುಳಿತು ದಣಿವಾರಿಸಿಕೊಳ್ಳುವ ತಾಣ. ನಿತ್ಯ ಕಾಣುವುದನ್ನು ಯಾರೂ ನೋಡುವುದಿಲ್ಲವೆಂಬ ಮಾತಿಗೆ ಹುಲಿಕೆರೆಯ ಕೊಳಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಇಂತಹ ಹಳ್ಳಿಗಳ ಮಕ್ಕಳು ಬಂದು ಓದುವ ಪ್ರೌಢಶಾಲೆಯೊಂದರ ಚಿತ್ರಕಲೆಯ ಉಪಾಧ್ಯಾಯರಿಗೆ ಬಹುಕಾಲದ ಆಸೆಯೊಂದಿತ್ತು. ಮಕ್ಕಳಿಗೆ ನಗರದ ಚಿತ್ರಶಾಲೆಯೊಂದನ್ನು ತೋರಿಸಬೇಕು. ಅಚ್ಚಾದ ಚಿತ್ರವನ್ನಲ್ಲ, ಕಲಾವಿದನ ಕುಂಚವೇ ತಾಗಿದ ಮೂಲಚಿತ್ರವನ್ನು ಅವರು ಒಮ್ಮೆಯಾದರೂ ಎದುರಿಗೆ ನಿಂತು ಕಾಣಬೇಕು. ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳಲ್ಲಿ ಒಬ್ಬರೂ ಅಂತಹದನ್ನು ಕಂಡವರಲ್ಲವೆಂದು ತಿಳಿದಾಗ ಆ ಆಸೆ ಸಂಕಲ್ಪವಾಯಿತು. ವಿಷಯ ಶಾಲೆಯ ಸಮಿತಿಯ ಮುಂದೆ ಬಂದಿತು.

ಸಮಿತಿಯವರು ಉದಾರವಾಗಿಯೇ ಒಪ್ಪಿದರು. ಬೆಂಗಳೂರೇ ಆಗಲಿ ಎಂದರು. ವಿಧಾನಸೌಧ, ಲಾಲ್‌ಬಾಗ್, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಎಂದು ಪಟ್ಟಿ ಬೆಳೆಯಿತು. ಚಿತ್ರಶಾಲೆ ಅದರ ಕೊನೆಯಲ್ಲಿ, ಸಮಯವಿದ್ದರೆ ಎಂಬ ಟಿಪ್ಪಣಿಯೊಡನೆ ಕುಳಿತಿತು. ದಿನವನ್ನು ಸೂಚಿಸಿದವರು ಹಿರಿಯರೊಬ್ಬರು. ಸೋಮವಾರ, ಶಿವನ ವಾರ, ಅದಕ್ಕಿಂತ ಒಳ್ಳೆಯ ದಿನ ಯಾವುದು? ಉಪಾಧ್ಯಾಯರು ಮೆಲ್ಲನೆ ಬಿನ್ನವಿಸಿಕೊಂಡರು: ಬೆಂಗಳೂರಿನ ವಸ್ತುಸಂಗ್ರಹಾಲಯಗಳಿಗೂ ಚಿತ್ರಶಾಲೆಗಳಿಗೂ ಸಾಮಾನ್ಯವಾಗಿ ಸೋಮವಾರವೇ ರಜೆ, ಶಿವನ ವಾರದಂದು ಅಲ್ಲಿಗೆ ಹೋದರೆ ಬೀಗದ ದರ್ಶನ ಮಾಡಿ ಹಿಂದಿರುಗಬೇಕಾಗುತ್ತದೆ. ಹಾಗಾದರೆ ಮರುದಿನ ಎಂದರು ಇನ್ನೊಬ್ಬರು. ಮಂಗಳವಾರ ಮಕ್ಕಳನ್ನು ದೂರದ ಹಾದಿಗೆ ಹೊರಡಿಸುವುದು ಬೇಡವೆಂದು ಹಿರಿಯರು ತಲೆಯಾಡಿಸಿದರು. ಹೀಗೆ ಬುಧವಾರ ನಿಶ್ಚಯವಾಯಿತು. ಮುಂದೆ ಊರು ಬದಲಾದರೂ ವಾರ ಬದಲಾಗಲಿಲ್ಲ. ಆ ಚರ್ಚೆಯನ್ನು ಮತ್ತೆ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಊರು ಬದಲಾದುದು ಹೀಗೆ. ಬೆಂಗಳೂರಿನಲ್ಲಿ ನೋಡತಕ್ಕುದು ಕಡಿಮೆಯೆಂದಲ್ಲ. 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡ, ಅದರ ಮಗ್ಗುಲಿನಲ್ಲೇ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ, 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಹೊಸ ಸಂಗ್ರಹಾಲಯ, ಇವೆಲ್ಲವೂ ಅಲ್ಲಿವೆ. ಈ ಕೊನೆಯದರ ಹೊರಮೈ ಉಕ್ಕಿನ ಫಲಕಗಳಿಂದ ಕೂಡಿದ್ದು, ದೊಡ್ಡದೊಂದು ನೀರಿನ ತೊಟ್ಟಿಯನ್ನು ನೆನಪಿಗೆ ತರುತ್ತದೆ. ಕಲ್ಲಿನ ಕೊಳದ ಊರಿನ ಮಕ್ಕಳು ಎಂದಾದರೊಂದು ದಿನ ಅದನ್ನು ನೋಡಬೇಕೆಂದು ಉಪಾಧ್ಯಾಯರಿಗೆ ಅನ್ನಿಸದೆ ಇರಲಿಲ್ಲ. ಆದರೆ ಬೆಂಗಳೂರೆಂದರೆ ಆ ದೀರ್ಘ ಪಟ್ಟಿ ಬೆನ್ನು ಬಿಡುವುದಿಲ್ಲ, ರಾತ್ರಿ ತಂಗಬೇಕಾಗುತ್ತದೆ, ರಾತ್ರಿ ತಂಗುವುದೆಂದರೆ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಮನೆಯವರು ಕಳುಹಿಸುವುದಿಲ್ಲ. ಮೈಸೂರಾದರೆ ಹಾಸನದ ಮೇಲೆ ಹಾಯ್ದು ಸುಮಾರು 150 ಕಿಲೋಮೀಟರಿನ ದಾರಿ. ಬೆಳಗಿನ ಜಾವ ಹೊರಟು ಅಂದೇ ರಾತ್ರಿ ಹಿಂದಿರುಗಬಹುದು.

ಮೈಸೂರನ್ನು ಆರಿಸಲು ಇದಕ್ಕಿಂತ ಬಲವಾದ ಕಾರಣವೂ ಇತ್ತು. ಮೂರನೆಯ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆ ಅಲ್ಲಿದೆ. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಮನೆತನಕ್ಕೆ ಆಶ್ರಯವಿತ್ತ ಕಟ್ಟಡ ಅದು. ಹೊಸ ಅರಮನೆ ಸಿದ್ಧವಾದ ಮೇಲೆ, 1915ರಿಂದ ಅದು ಚಿತ್ರಶಾಲೆಯಾಯಿತು. ಈಗ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯೆಂದು ಹೆಸರು. ರಾಜಾ ರವಿವರ್ಮನ ಮೂಲಚಿತ್ರಗಳು ಅಲ್ಲಿವೆ. ತನ್ನ ಜೀವಿತದ ಕೊನೆಯ ವರ್ಷಗಳಲ್ಲಿ ಆತನು ಮೈಸೂರಿನ ಅರಸರಿಗಾಗಿ ಪುರಾಣದ ದೃಶ್ಯಗಳನ್ನು ಬರೆದುಕೊಟ್ಟನು, 1906ರಲ್ಲಿ ತೀರಿಕೊಂಡನು. ಸಾವ್‌ಳಾರಾಮ ಲಕ್ಷ್ಮಣ ಹಳದಣಕರರ ದೀಪಧಾರಿಣಿಯ ಚಿತ್ರವೂ ಅಲ್ಲಿಯದೇ. ಈ ಎರಡು ಹೆಸರುಗಳನ್ನು ಹಳ್ಳಿಯ ಮಕ್ಕಳು ಕೇಳಿರಲಾರರು. ಆದರೆ ಇವರ ಚಿತ್ರಗಳನ್ನು ಕಾಣದ ಮಗು ಹಳ್ಳಿಯಲ್ಲಿ ಇಲ್ಲ.

ಏಕೆಂದರೆ, ಮೂಲ ನಗರದಲ್ಲಿ ಉಳಿದಿದ್ದರೂ ನಕಲು ಎಂದೋ ಹಳ್ಳಿಗೆ ಬಂದಿತ್ತು. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವೊಂದನ್ನು ತೆರೆದು, ತನ್ನ ಚಿತ್ರಗಳನ್ನು ಬಣ್ಣದ ಅಚ್ಚಿನಲ್ಲಿ ದೇಶದ ಮನೆಮನೆಗೂ ಮುಟ್ಟಿಸಿದನು. ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ದೇವರ ಮನೆಯ ಗೋಡೆಯನ್ನು ಸೇರಿದ್ದು ಆ ಬಳಿಕ. ಹಳದಣಕರರ ದೀಪ ಹಿಡಿದ ಹೆಣ್ಣೂ ಅಂತೆಯೇ ಕ್ಯಾಲೆಂಡರುಗಳ ಮೇಲೆ, ಹೋಟೆಲುಗಳ ಗೋಡೆಯ ಮೇಲೆ ನಾಡೆಲ್ಲ ಸಂಚರಿಸಿತು. ಎಷ್ಟರಮಟ್ಟಿಗೆಂದರೆ, ಅದನ್ನು ರವಿವರ್ಮನದೇ ಎಂದು ತಿಳಿದವರು ಇಂದಿಗೂ ಬಹುಮಂದಿ. ಅದು ನೀರುಬಣ್ಣದ ಚಿತ್ರ. ಅದಕ್ಕೆ ರೂಪದರ್ಶಿಯಾಗಿ ನಿಂತವರು ಕಲಾವಿದರ ಮಗಳೇ. ಆಕೆ ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ನಕಲು ಒಂದು ಶತಮಾನದ ಹಿಂದೆಯೇ ಹಳ್ಳಿಯನ್ನು ಹುಡುಕಿಕೊಂಡು ಬಂದಿರುವಾಗ, ಈಗ ಹಳ್ಳಿ ಮೂಲವನ್ನು ಹುಡುಕಿಕೊಂಡು ಹೋಗುವುದು ನ್ಯಾಯವಲ್ಲವೆ? ಉಪಾಧ್ಯಾಯರ ಈ ವಾದಕ್ಕೆ ಸಮಿತಿ ತಲೆದೂಗಿತು. ಚಿತ್ರಶಾಲೆಯೊಂದೇ, ಬೇರೇನೂ ಬೇಡವೆಂದಾಗ ಮಾತ್ರ ಕೆಲವರ ಮುಖ ಸಪ್ಪಗಾಯಿತು. ಕೊನೆಗೆ ಮಧ್ಯಾಹ್ನದ ಮೇಲೆ ಅರಮನೆಯ ಮುಂದೆ ಒಂದು ಗಂಟೆ ಎಂಬಲ್ಲಿಗೆ ರಾಜಿಯಾಯಿತು.

ಅನಂತರ ಬಂದುದು ಹಣದ ಪ್ರಶ್ನೆ. ಬಸ್ಸಿನ ಬಾಡಿಗೆ, ಪ್ರವೇಶದರ, ಮಧ್ಯಾಹ್ನದ ಊಟ ಎಲ್ಲವನ್ನೂ ಕೂಡಿಸಿ ನಲವತ್ತರಿಂದ ಭಾಗಿಸಿ ತಲೆಗಿಷ್ಟೆಂದು ಗೊತ್ತುಮಾಡಿದರು. ಉಪಾಧ್ಯಾಯರು ಶಿಸ್ತಿನ ಮನುಷ್ಯರು. ಸೂಚನಾಫಲಕದ ಮೇಲೆ ಒಂದು ಹಾಳೆ ಅಂಟಿಸಿ, ಹಣ ಕೊಟ್ಟವರ ಹೆಸರನ್ನು ಕೊಟ್ಟ ಕ್ರಮದಲ್ಲಿಯೇ ತಮ್ಮ ಸುಂದರವಾದ ಅಕ್ಷರದಲ್ಲಿ ಬರೆಯತೊಡಗಿದರು. ಹಾಳೆ ದಿನದಿನಕ್ಕೂ ತುಂಬಿತು. ಮೂವತ್ತರವರೆಗೆ ಬೇಗನೆ ಏರಿದ ಲೆಕ್ಕ ಅಲ್ಲಿಂದ ಮುಂದಕ್ಕೆ ನಿಧಾನವಾಯಿತು.

ಆ ದಿನಗಳಲ್ಲಿ ಒಮ್ಮೆ, ಹುಲಿಕೆರೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತು, “ನಾನು ಬರೋದಿಲ್ಲ ಸಾರ್” ಎಂದಳು.

“ಯಾಕಮ್ಮ?”

“ಚಿತ್ರ ನಮ್ಮ ಮನೆ ಕ್ಯಾಲೆಂಡರಿನಲ್ಲೇ ಇದೆ. ಕಲ್ಲಿನ ಕೆಲಸ ನೋಡೋದಾದ್ರೆ ನಮ್ಮೂರ ಕೊಳದಲ್ಲೇ ಇದೆ. ಅಷ್ಟು ದೂರ ಯಾಕೆ ಹೋಗಬೇಕು?”

ತರಗತಿ ನಕ್ಕಿತು. ಉಪಾಧ್ಯಾಯರೂ ನಕ್ಕರು. ಜಾಣತನದ ಮಾತೆಂದು ಮೆಚ್ಚಿಕೊಂಡು, ಅದನ್ನು ಅಲ್ಲಿಗೇ ಬಿಟ್ಟುಬಿಟ್ಟರು.

ಅವರ ಸಿದ್ಧತೆಯಲ್ಲಿ ಮೊದಲ ಹೆಜ್ಜೆ ಕೊಳದ ಬಳಿಯೇ ಇತ್ತು. ಚಿತ್ರಶಾಲೆಗೆ ಹೋಗುವ ಮುನ್ನ ಮಕ್ಕಳು ಒಂದು ವಸ್ತುವಿನ ಮುಂದೆ ಸುಮ್ಮನೆ ಕುಳಿತು ನೋಡುವುದನ್ನು ಅಭ್ಯಾಸಮಾಡಬೇಕು ಎಂಬುದು ಅವರ ನಿಲುವು. ಶನಿವಾರದ ಅರ್ಧ ದಿನದ ಪಾಠ ಮುಗಿದ ಮೇಲೆ ಎಲ್ಲರನ್ನೂ ಹುಲಿಕೆರೆಗೆ ಕರೆತಂದರು. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಗುಡಿ. ಕಾಲು ಗಂಟೆ ಮಾತಿಲ್ಲದೆ ನೋಡುವುದು, ಅನಂತರ ಪೆನ್ಸಿಲು ಹಿಡಿಯುವುದು. ನಡುಹಗಲಿನ ಬಿಸಿಲು ನೆತ್ತಿಯ ಮೇಲಿತ್ತು. ಮಕ್ಕಳು ಬರೆದರು, ಅಳಿಸಿದರು, ಮತ್ತೆ ಬರೆದರು. ಗುಡಿಗಳನ್ನು ಎಣಿಸಲು ಹೊರಟ ಇಬ್ಬರು ಹುಡುಗರ ಲೆಕ್ಕಗಳು ಹೊಂದದೆ ವಾದ ಬೆಳೆಯಿತು.

ಬರುವುದಿಲ್ಲವೆಂದ ಹುಡುಗಿಯೂ ಅಲ್ಲಿ ಕುಳಿತಿದ್ದಳು. ಅವಳ ಹಾಳೆಯ ಮೇಲೆ ಗೆರೆಯೊಂದೂ ಮೂಡಿರಲಿಲ್ಲ. ಕಾರಣ ಕೇಳಿದರೆ ಅವಳು ಹೇಳಿದಳು: “ಈ ಹೊತ್ತಿನಲ್ಲಿ ಕಾಣೋದಿಲ್ಲ ಸಾರ್. ನಡುಹಗಲಲ್ಲಿ ಕೆತ್ತನೆ ಮಲಗಿಬಿಡುತ್ತೆ. ಹೊತ್ತು ಇಳಿದ ಮೇಲೆ ಎದ್ದು ಕೂರುತ್ತೆ.”

ಉಪಾಧ್ಯಾಯರು ಒಂದು ಕ್ಷಣ ಮಾತಾಡಲಿಲ್ಲ. ನೆತ್ತಿಯ ಮೇಲಿನ ಬೆಳಕಿನಲ್ಲಿ ತೆಳು ಕೆತ್ತನೆಯ ನೆರಳು ಅಳಿದು ಕಲ್ಲು ಚಪ್ಪಟೆಯಾಗಿ ಕಾಣುತ್ತದೆ; ಓರೆಯಾಗಿ ಬೀಳುವ ಬೆಳಕಿನಲ್ಲಿ ಒಂದೊಂದು ಗೆರೆಗೂ ನೆರಳಿನ ಅಂಚು ಹುಟ್ಟಿ ಶಿಲ್ಪ ಮೇಲೇಳುತ್ತದೆ. ಸವೆದ ಶಾಸನಗಳನ್ನು ಓದುವ ವಿದ್ವಾಂಸರೂ ಓರೆ ಬೆಳಕನ್ನೇ ನೆಚ್ಚುವರು. ಪುಸ್ತಕದಲ್ಲಿ ಓದಿ ತಾವು ಕಲಿತ ಸಂಗತಿಯನ್ನು ಈ ಹುಡುಗಿ ಮೇಕೆ ಹೊಡೆದುಕೊಂಡು ಬರುವ ಸಂಜೆಗಳಲ್ಲಿ ತಾನೇ ಕಂಡುಕೊಂಡಿದ್ದಳು. ನಲವತ್ತು ಮಕ್ಕಳಲ್ಲಿ ನಿಜವಾಗಿ ನೋಡಬಲ್ಲವಳೇ ಬರುವುದಿಲ್ಲವೆನ್ನುತ್ತಿರುವಳಲ್ಲ ಎಂಬ ಚಿಂತೆ ಅವರನ್ನು ಅಂದು ಸಂಜೆಯವರೆಗೂ ಅಲ್ಲಿಯೇ ನಿಲ್ಲಿಸಿತು.

ಸಂಜೆ ಹುಡುಗಿಯ ಅಜ್ಜಿ ಆ ದಾರಿಯಲ್ಲಿ ಬಂದರು. ಮೇಷ್ಟ್ರನ್ನು ಕಂಡು ನಿಂತರು. ಮಾತು ಪ್ರವಾಸದ ಕಡೆಗೆ ತಿರುಗಿತು. “ಅವ್ಳಿಗೆ ಬರಾಕೆ ಪ್ರಾಣ ಐತೆ ಮೇಷ್ಟ್ರೇ,” ಎಂದರು ಆ ವೃದ್ಧೆ. “ದುಡ್ಡಿಲ್ಲ ಅನ್ನಾಕೆ ನಾಚ್ಕೊಂಡು ಹಂಗಂದವ್ಳೆ. ಪಟ್ಟಿ ಬೇರೆ ಹಾಕಿದೀರಂತಲ್ಲ, ದಿನಾ ಅದರ ಮುಂದೇನೇ ಓಡಾಡ್ಬೇಕು ಕೂಸು.”

ಅದುವರೆಗೆ ಆ ಹಾಳೆ ಉಪಾಧ್ಯಾಯರ ಕಣ್ಣಿಗೆ ಕೊಟ್ಟವರ ಪಟ್ಟಿಯಾಗಿತ್ತು. ಅಂದು ಅದು ಕೊಡಲಾರದವರ ಪಟ್ಟಿಯಾಗಿ ಕಂಡಿತು. ಬರೆಯದೆ ಬಿಟ್ಟ ಹೆಸರುಗಳನ್ನೂ ಮಕ್ಕಳು ಓದುತ್ತಾರೆಂಬುದು, ಅದರಲ್ಲಿಯೂ ತಮ್ಮ ಹೆಸರಿಲ್ಲದವರು ಅದನ್ನೇ ಓದುತ್ತಾರೆಂಬುದು, ಇಷ್ಟು ವರ್ಷ ಪಾಠ ಹೇಳಿದ ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಬಂದು ಹಾಳೆಯನ್ನು ತೆಗೆದುಹಾಕಿದರು. ಅದುವರೆಗೆ ಬಂದಿದ್ದ ಹಣವನ್ನೆಲ್ಲ ಮಕ್ಕಳಿಗೆ ಹಿಂದಿರುಗಿಸಿದರು. ಪ್ರತಿಯೊಂದು ಮಗುವಿಗೂ ಒಂದೇ ಬಗೆಯ ಲಕೋಟೆ ಕೊಟ್ಟು, ಮನೆಯಲ್ಲಿ ಕೊಡಬಲ್ಲಷ್ಟನ್ನು ಅದರಲ್ಲಿಟ್ಟು ಅಂಟಿಸಿ ತರಬೇಕು, ಹೆಸರು ಬರೆಯಬಾರದು, ಹಣವಿಡಲಾಗದಿದ್ದರೂ ಲಕೋಟೆಯನ್ನು ಮಾತ್ರ ತಪ್ಪದೆ ಪೆಟ್ಟಿಗೆಯಲ್ಲಿ ಹಾಕಬೇಕು ಎಂದರು. ಸಮಿತಿಯಲ್ಲಿ ಒಬ್ಬರು ಇದೇನು ಪದ್ಧತಿಯೆಂದು ಹುಬ್ಬೇರಿಸಿದಾಗ, ಸೋಮವಾರವನ್ನು ಸೂಚಿಸಿದ್ದ ಆ ಹಿರಿಯರೇ ಉತ್ತರ ಕೊಟ್ಟರು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಅಕ್ಕಿ ಎಷ್ಟು ತಂದೆಯೆಂದು ಯಾರಾದರೂ ಕೇಳುವುದುಂಟೆ? ಊಟಕ್ಕೆ ಇರುವ ನಿಯಮ ಕಣ್ಣಿನ ಊಟಕ್ಕೇಕೆ ಬೇಡ?

ವಾರದ ಕೊನೆಯಲ್ಲಿ ಪೆಟ್ಟಿಗೆ ತೆರೆದರು. ಲಕೋಟೆಗಳು ನಲವತ್ತೂ ಇದ್ದುವು. ಕೆಲವರು ಗೊತ್ತಾದುದಕ್ಕಿಂತ ಹೆಚ್ಚು ಇಟ್ಟಿದ್ದರು. ಬರಿದಾಗಿದ್ದುವು ಒಂದಲ್ಲ, ಒಂಬತ್ತು. ಮೊದಲ ಪಟ್ಟಿಯಲ್ಲಿ ಹೆಸರಿದ್ದವರ ಪೈಕಿಯೂ ಕೆಲವರು ಸಾಲ ತಂದೋ, ಮನೆಯ ಯಾವುದೋ ಖರ್ಚನ್ನು ತಡೆಹಿಡಿದೋ ಕೊಟ್ಟಿದ್ದರೆಂಬುದು ಆಗ ತಿಳಿಯಿತು. ಒಬ್ಬಳಿಗಾಗಿ ಮಾಡಿದ ಏರ್ಪಾಡು ಒಂಬತ್ತು ಮನೆಗಳ ಭಾರವನ್ನು ಇಳಿಸಿತು. ಕೊರತೆ ಬಿದ್ದ ಮೊತ್ತವನ್ನು ಉಪಾಧ್ಯಾಯರುಗಳೂ, ಹೆಸರನ್ನು ಎಲ್ಲಿಯೂ ಹೇಳಕೂಡದೆಂಬ ನಿಬಂಧನೆಯ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬರೂ ತುಂಬಿದರು.

ಹಣದ ಪ್ರಶ್ನೆ ಮುಗಿಯಿತು. ಆದರೆ ಹುಡುಗಿ ಕೇಳಿದ ಪ್ರಶ್ನೆ ಉಳಿದಿತ್ತು. ಬಡತನವನ್ನು ಮರೆಮಾಡಲೆಂದು ಆಡಿದ ಮಾತಾದರೂ ಅದು ಪೊಳ್ಳು ಮಾತಲ್ಲ. ಚಿತ್ರ ಕ್ಯಾಲೆಂಡರಿನಲ್ಲಿದೆ, ಶಿಲ್ಪ ಕೊಳದಲ್ಲಿದೆ, ಹಾಗಾದರೆ ಹೋಗುವುದೇಕೆ? ಇದಕ್ಕೆ ಉತ್ತರ ಹೇಳದೆ ಬಸ್ಸು ಹತ್ತಿಸುವುದು ಸರಿಯಲ್ಲವೆಂದು ಉಪಾಧ್ಯಾಯರಿಗೆ ತೋರಿತು. ಮುಂದಿನ ತರಗತಿಯಲ್ಲಿ ಅವರು ಹಲ್ಮಿಡಿಯ ಮಾತೆತ್ತಿದರು.

ಹಲ್ಮಿಡಿ ಅದೇ ಬೇಲೂರು ತಾಲ್ಲೂಕಿನ ಹಳ್ಳಿ. ಕ್ರಿಸ್ತಶಕ 450ರ ಸುಮಾರಿನದೆಂದು ವಿದ್ವಾಂಸರು ಹೇಳುವ, ಬಹುಕಾಲ ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಮನ್ನಣೆ ಪಡೆದ ಕಲ್ಲು ದೊರೆತುದು ಅಲ್ಲಿ. ಹದಿನಾರು ಸಾಲುಗಳ ಆ ಬರಹವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು. ಇಂದು ಹಲ್ಮಿಡಿಯ ಮಂಟಪದಲ್ಲಿ ನಿಂತಿರುವುದು ಆ ಕಲ್ಲಿನ ಪ್ರತಿಕೃತಿ. ಮೂಲವನ್ನು ಮೈಸೂರಿಗೆ ಒಯ್ದು ಪುರಾತತ್ತ್ವ ಇಲಾಖೆಯಲ್ಲಿ ಕಾಪಾಡಲಾಗಿದೆ. ಇಷ್ಟನ್ನು ಹೇಳಿ ಅವರು ಕೇಳಿದರು: ಊರಿನ ಕಲ್ಲು ಊರಿನಲ್ಲಿಯೇ ಇರಬೇಕಿತ್ತೆ? ಪ್ರತಿಕೃತಿಯಿದ್ದರೆ ಸಾಲದೆ?

ತರಗತಿ ಎರಡಾಯಿತು. ಬಯಲಿನಲ್ಲಿ ಬಿಟ್ಟಿದ್ದರೆ ಅಕ್ಷರ ಸವೆದು ಹೋಗುತ್ತಿತ್ತು, ಯಾರಾದರೂ ಗೋಡೆಗೆ ಇಟ್ಟು ಕಟ್ಟಿಬಿಡುತ್ತಿದ್ದರು ಎಂದರು ಕೆಲವರು. ನಮ್ಮದನ್ನು ನೋಡಲು ನಾವೇ ಅಷ್ಟು ದೂರ ಹೋಗಬೇಕೆ ಎಂದರು ಮತ್ತೆ ಕೆಲವರು. ಒಬ್ಬ ಹುಡುಗನು, “ನಕಲಾದರೂ ಓದೋದಕ್ಕೆ ಬರುತ್ತಲ್ಲ ಸಾರ್, ಇನ್ನೇನು ಬೇಕು?” ಎಂದನು. ಆಗ ಹುಲಿಕೆರೆಯ ಹುಡುಗಿ ತಲೆಯೆತ್ತದೆಯೇ ಹೇಳಿದಳು: “ಓದೋದಕ್ಕೆ ಬರುತ್ತೆ. ಆದ್ರೆ ಕೆತ್ತಿದವನ ಕೈ ತಾಗಿರೋದು ಅದಕ್ಕಲ್ಲ.”

ತಾವು ಮೂರು ದಿನದಿಂದ ಹುಡುಕುತ್ತಿದ್ದ ಉತ್ತರ ಪ್ರಶ್ನೆ ಕೇಳಿದವಳ ಬಾಯಿಂದಲೇ ಬಂದುದನ್ನು ಕಂಡು ಉಪಾಧ್ಯಾಯರು ಹಲಗೆಯತ್ತ ತಿರುಗಿದರು. ಒಂದು ಬಿಳಿಯ ಕಾಗದವನ್ನು ಅಂಟಿಸಿ, ನೀರುಬಣ್ಣದಲ್ಲಿ ಸುತ್ತಲೂ ಕಂದು ಛಾಯೆ ಹರಡಿ, ನಡುವೆ ಹಣತೆಯ ಕುಡಿಯಷ್ಟು ಜಾಗವನ್ನು ಹಾಗೆಯೇ ಬಿಟ್ಟರು. ಬಿಟ್ಟ ಜಾಗ ದೀಪದಂತೆ ಬೆಳಗಿತು. ನೀರುಬಣ್ಣದಲ್ಲಿ ಬೆಳಕನ್ನು ಬಳಿಯುವುದಿಲ್ಲ, ಉಳಿಸಿಕೊಳ್ಳುವುದು; ಅತ್ಯಂತ ಹೊಳೆಯುವ ಎಡೆಯಲ್ಲಿ ಇರುವುದು ಬಣ್ಣವಲ್ಲ, ಕಾಗದ ಎಂದು ವಿವರಿಸಿದರು. ಅಚ್ಚಿನಲ್ಲಿ ಆ ಎಡೆಯೂ ಉಳಿದೆಡೆಯೂ ಒಂದೇ ಮಸಿಯ ಚುಕ್ಕೆಗಳಾಗಿ ಬರುತ್ತವೆ. ಕಲಾವಿದನು ಎಲ್ಲಿ ಕೈ ತಡೆದನೆಂಬುದು ಅಲ್ಲಿ ತಿಳಿಯುವುದಿಲ್ಲ. ಕೈ ತಡೆದ ಎಡೆಯನ್ನು ಕಾಣಲಿಕ್ಕಾಗಿಯೇ ಮೈಸೂರಿಗೆ ಹೋಗುವುದು ಎಂದರು.

ಸಿದ್ಧತೆಯ ಎರಡನೆಯ ಹೆಜ್ಜೆ ಹಳೇಬೀಡಿನಲ್ಲಿ. ವಿಷ್ಣುವರ್ಧನನ ಕಾಲದ ಹೊಯ್ಸಳೇಶ್ವರ ದೇವಾಲಯವನ್ನು ಮಕ್ಕಳೆಲ್ಲರೂ ಎಷ್ಟೋ ಸಲ ನೋಡಿದ್ದರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು ಮತ್ತು ಸೋಮನಾಥಪುರದ ದೇವಾಲಯಗಳೊಡನೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸಂಭ್ರಮದಲ್ಲಿಯೂ ಪಾಲ್ಗೊಂಡಿದ್ದರು. ಆದರೆ ಅದರ ಆವರಣದಲ್ಲಿಯೇ ಇರುವ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವನ್ನು ಕಂಡವರು ವಿರಳ. ಗುಡಿಯ ಗೋಡೆಯಲ್ಲಿ ಸಾವಿರ ಶಿಲ್ಪಗಳ ನಡುವೆ ಕಣ್ಣು ತಪ್ಪಿಸಿಕೊಳ್ಳುವ ವಿಗ್ರಹವು, ಅಲ್ಲಿ ಒಂಟಿಯಾಗಿ ಪೀಠದ ಮೇಲೆ ನಿಂತಾಗ ಹೇಗೆ ಬೇರೆಯಾಗಿ ಕಾಣುತ್ತದೆ, ಗುಡಿಯಿಂದ ಬೇರ್ಪಟ್ಟಾಗ ಅದು ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಗಳಿಸುತ್ತದೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆಯಬೇಕೆಂದು ಅವರಿಗೆ ಹೇಳಲಾಯಿತು. ವಸ್ತುಸಂಗ್ರಹಾಲಯವೆಂಬುದು ನಗರದ ಸೊತ್ತಲ್ಲ, ತಮ್ಮ ಮನೆಯಿಂದ ಕೂಗಳತೆಯಲ್ಲಿಯೂ ಒಂದಿದೆ ಎಂಬ ಅರಿವು ಆ ಮಧ್ಯಾಹ್ನದ ಮುಖ್ಯ ಲಾಭ.

ಉಳಿದುದು ನಿಯಮಗಳ ಸಿದ್ಧತೆ. ಬೋಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ ಅಧಿಕಾರಿಯಾಗಿದ್ದ ಬೆಂಜಮಿನ್ ಗಿಲ್ಮನ್ ಎಂಬುವರು 1916ರಲ್ಲಿಯೇ ಸಂಗ್ರಹಾಲಯದ ಆಯಾಸವನ್ನು ಕುರಿತು ಲೇಖನ ಬರೆದಿದ್ದರು. ಬಗ್ಗಿ, ಕುಕ್ಕರಿಸಿ, ಕತ್ತು ಚಾಚಿ ನೋಡಬೇಕಾಗುವ ರೀತಿಯಲ್ಲಿ ವಸ್ತುಗಳನ್ನು ಇರಿಸಿದರೆ ನೋಡುಗನು ಬೇಗನೆ ದಣಿದು ಮುಂದೆ ಯಾವುದನ್ನೂ ನೋಡಲಾರನೆಂದು ಚಿತ್ರಸಹಿತ ತೋರಿಸಿದ್ದರು. ಎಲ್ಲವನ್ನೂ ನೋಡಬೇಕೆಂಬ ಹಂಬಲವೇ ಏನನ್ನೂ ನೋಡದಿರಲು ಕಾರಣ. ಆದುದರಿಂದ ಮಗುವಿಗೆ ಐದೇ ಚಿತ್ರಗಳೆಂದು ನಿಶ್ಚಯವಾಯಿತ. ಮೊದಲ ಸುತ್ತು ಬರಿದೆ ನಡೆದುಬರುವುದು. ಎರಡನೆಯ ಸುತ್ತಿನಲ್ಲಿ ತಾನೇ ಆರಿಸಿದ ಐದರ ಮುಂದೆ ನಿಲ್ಲುವುದು. ಕೊನೆಗೆ ಅವುಗಳಲ್ಲಿ ಒಂದರ ಮುಂದೆ ಕಾಲು ಗಂಟೆ. ಹತ್ತು ಮಕ್ಕಳಿಗೊಬ್ಬ ಉಪಾಧ್ಯಾಯರು. ಗುಂಪುಗಳು ಒಂದೇ ಕೋಣೆಯಲ್ಲಿ ಕಿಕ್ಕಿರಿಯದಂತೆ ಬೇರೆ ಬೇರೆ ಮಹಡಿಗಳಿಂದ ಆರಂಭ.

ಮುಟ್ಟಬಾರದೆಂಬ ನಿಯಮಕ್ಕೂ ಕಾರಣ ಹೇಳಿದರು. ಬೆರಳಿನ ತುದಿಯಲ್ಲಿ ಕಣ್ಣಿಗೆ ಕಾಣದ ಬೆವರೂ ಜಿಡ್ಡೂ ಇರುತ್ತವೆ. ಸಾವಿರ ಬೆರಳುಗಳು ಸೋಕಿದರೆ ಬಣ್ಣ ಕೆಡುತ್ತದೆ, ಕಲ್ಲೂ ಕಪ್ಪಾಗುತ್ತದೆ. ಕೋಣೆಗಳಲ್ಲಿ ಬೆಳಕು ಮಂದವಾಗಿದ್ದರೆ ದೂರಬಾರದು. ನೀರುಬಣ್ಣ ಬೆಳಕಿಗೆ ಬಾಡುತ್ತದೆ, ಬಾಡಿದುದು ಮತ್ತೆ ಚಿಗುರುವುದಿಲ್ಲ. ಬರೆಯಲು ಪೆನ್ಸಿಲೇ ಇರಬೇಕು. ಮಸಿ ಚೆಲ್ಲಿದರೆ ಅಳಿಸಲಾಗದು. ಕಾರಣ ತಿಳಿದ ನಿಯಮವನ್ನು ಮಕ್ಕಳು ಕಾವಲುಗಾರನಿಲ್ಲದೆಯೂ ಪಾಲಿಸುವರೆಂಬುದು ಆ ಉಪಾಧ್ಯಾಯರ ಅನುಭವ. ಹಳೆಯ ಕಟ್ಟಡಗಳನ್ನು ದುರಸ್ತಿಗಾಗಿ ಮುಚ್ಚುವುದುಂಟಾದುದರಿಂದ, ಹೊರಡುವ ವಾರ ದೂರವಾಣಿಯಲ್ಲಿ ವಿಚಾರಿಸಿ ಚಿತ್ರಶಾಲೆ ತೆರೆದಿರುವುದನ್ನು ಖಚಿತಪಡಿಸಿಕೊಂಡರು. ಬುತ್ತಿಗೆ ಚಪಾತಿ, ಚಿತ್ರಾನ್ನ, ಮೊಸರನ್ನವೆಂದು ಮನೆಮನೆಗೆ ಹಂಚಿಕೊಟ್ಟರು. ಬಸ್ಸಿನಲ್ಲಿ ವಾಂತಿಯಾಗುವವರಿಗೆ ಮುಂದಿನ ಸಾಲು, ನಿಂಬೆಹಣ್ಣು. ಹಾಸನದಲ್ಲಿ ಒಮ್ಮೆ ನಿಲುಗಡೆ.

ಮಂಗಳವಾರ ಸಂಜೆ, ಎಲ್ಲ ಮುಗಿಯಿತೆಂದುಕೊಂಡು ಕಾರ್ಯಕ್ರಮದ ಹಾಳೆಯನ್ನು ಕೊನೆಯ ಬಾರಿಗೆ ಓದುತ್ತಿದ್ದಾಗ, ಅದರಲ್ಲಿ ಏನೋ ಕೊರತೆಯಿದೆಯೆಂದು ಉಪಾಧ್ಯಾಯರಿಗೆ ತೋರಿತು. ಬೆಳಗಿನ ಜಾವ ನಾಲ್ಕೂವರೆಗೆ ಹೊರಡುವುದು ಎಂದು ಆರಂಭವಾಗಿ, ರಾತ್ರಿ ಒಂಬತ್ತಕ್ಕೆ ಊರು ಸೇರುವುದು ಎಂದು ಅದು ಮುಗಿದಿತ್ತು. ಪ್ರವಾಸ ಅಲ್ಲಿಗೆ ಮುಗಿಯುವುದೆ? ರವಿವರ್ಮನ ರೇಷ್ಮೆಯ ನೆರಿಗೆಗಳನ್ನು, ಹಳದಣಕರರ ಹಣತೆಯ ಬೆಳಕನ್ನು ಕಂಡುಬಂದ ಕಣ್ಣು ಮರುದಿನವೇ ಎಂದಿನಂತೆ ಕೊಳವನ್ನು ಕಾಣದೆ ದಾಟಿಹೋದರೆ, 150 ಕಿಲೋಮೀಟರು ಹೋಗಿಬಂದ ಫಲವೇನು? ವಿಶ್ವಪರಂಪರೆಯ ಪಟ್ಟಿಯಲ್ಲಿ ಹುಲಿಕೆರೆಯ ಕೊಳದ ಹೆಸರಿಲ್ಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವವರಿಲ್ಲ, ಟಿಕೇಟು ಕೊಟ್ಟು ಒಳಬಿಡುವವರಿಲ್ಲ. ಅದರ ನಿತ್ಯದ ಕಾವಲು ಅದನ್ನು ನೋಡಬಲ್ಲ ಕಣ್ಣುಗಳದು; ಆ ಕಣ್ಣುಗಳು ಊರಿನ ಮಕ್ಕಳವು.

ಅವರು ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಗುರುವಾರ ಸಂಜೆ, ಎಲ್ಲರೂ ಹುಲಿಕೆರೆಯ ಕೊಳದ ಬಳಿ. ಗಂಟೆ ಎಷ್ಟೆಂದು ಬರೆಯಹೋಗಿ ಕೈ ತಡೆದರು. ಮಾರನೆಯ ದಿನ ಜಾವದ ಕತ್ತಲೆಯಲ್ಲಿ ಬಸ್ಸಿನ ಬಾಗಿಲ ಬಳಿ ಹೆಸರು ಕೂಗುತ್ತಾ, ಹುಲಿಕೆರೆಯ ಹುಡುಗಿಯ ಸರದಿ ಬಂದಾಗ ಅವಳನ್ನೇ ಕೇಳಿದರು. ಕೈಯಲ್ಲಿ ಬುತ್ತಿಯ ಗಂಟು ಹಿಡಿದಿದ್ದ ಅವಳು ಕ್ಷಣ ಯೋಚಿಸಿ, “ಐದೂವರೆಗೆ ಸಾರ್. ಆಗ ಎದ್ದಿರುತ್ತೆ” ಎಂದು ಹೇಳಿ ಬಸ್ಸು ಹತ್ತಿದಳು.